ಮನೆಯಲ್ಲಿ ಬೀಜದಿಂದ ಕ್ಯಾಕ್ಟಸ್ ಸಸಿ ಬೆಳೆಸುವ ಕ್ರಮ

ರಾಗಿ ಬಿತ್ತಿದವರು ನಾಲ್ಕು ತಿಂಗಳಿಗೆ ಕಟಾವು ಮಾಡುತ್ತಾರೆ. ತೆಂಗಿನ ಸಸಿ ನೆಟ್ಟವರು ಆರೇಳು ವರ್ಷ ಕಾಯುತ್ತಾರೆ. ಆದರೆ ಕೆಲವು ಜಾತಿಯ ಕ್ಯಾಕ್ಟಸ್ ಬಿತ್ತಿದವರು ಅದರ ಮೊದಲ ಹೂವನ್ನು ನೋಡಲು ಹದಿನೈದು ಇಪ್ಪತ್ತು ವರ್ಷ ಕಾಯಬೇಕಾಗುತ್ತದೆ. ಹಾಗಿದ್ದರೂ ಈ ಗಿಡಗಳಿಗೆ ಪಟ್ಟಣಗಳಲ್ಲಿ ಬೇಡಿಕೆಯಿದೆ. ಪಶ್ಚಿಮ ಬಂಗಾಳದ ಕಾಲಿಂಪಾಂಗ್ ಕ್ಯಾಕ್ಟಸ್ ಸಸ್ಯಾಗಾರಗಳಿಗೆ ಹೆಸರಾದ ಊರು. ಹರಿಯಾಣದ ಪಂಚಕುಲದಲ್ಲಿ 1987ರಲ್ಲಿ ಕ್ಯಾಕ್ಟಸ್‌ಗಳಿಗೆಂದೇ ಒಂದು ದೊಡ್ಡ ತೋಟ ಆರಂಭವಾಯಿತು.

ಮನೆಯ ಜಗಲಿಯಲ್ಲಿ ಒಂದು ಮೊಳ ಜಾಗ, ದಿನಕ್ಕೆ ಹತ್ತು ನಿಮಿಷದ ಗಮನ, ಇವಿಷ್ಟಿದ್ದರೆ ಈ ಕೆಲಸವನ್ನು ಆರಂಭಿಸಬಹುದು. ಆದರೆ ಇದರಲ್ಲಿ ತಪ್ಪಿದರೆ ನಷ್ಟವಾಗುವುದು ಹಣಕ್ಕಿಂತ ಹೆಚ್ಚಾಗಿ ಕಾಲ. ಮೂರು ವರ್ಷ ಸಾಕಿದ ಸಸಿ ಒಂದು ಮಳೆಗಾಲದಲ್ಲಿ ಕೊಳೆತುಹೋದರೆ ಆ ಮೂರು ವರ್ಷಗಳನ್ನು ಮರಳಿ ಕೊಳ್ಳಲಾಗದು. ಆದುದರಿಂದ ಪ್ರತಿಯೊಂದು ಹಂತವನ್ನೂ ಅದರ ಕಾರಣದೊಡನೆ ತಿಳಿದುಕೊಳ್ಳುವುದು ಅಗತ್ಯ.

ಯಾವುದು ಕ್ಯಾಕ್ಟಸ್, ಯಾವುದು ಅಲ್ಲ

ನಮ್ಮಲ್ಲಿ ಮುಳ್ಳಿರುವ, ದಪ್ಪ ಕಾಂಡದ ಗಿಡಗಳಿಗೆಲ್ಲ ಕಳ್ಳಿ ಎಂದೇ ಹೆಸರು. ಬೇಲಿಯಲ್ಲಿ ಬೆಳೆಯುವ ಚದುರಗಳ್ಳಿ, ಬೊಂತಗಳ್ಳಿ ಮುಂತಾದವನ್ನು ಮುರಿದರೆ ಬಿಳಿಯ ಹಾಲು ಸುರಿಯುತ್ತದೆ. ಇವು ಹರಳು ಗಿಡದ ಕುಟುಂಬಕ್ಕೆ ಸೇರಿದವು, ಕ್ಯಾಕ್ಟಸ್ ಅಲ್ಲ. ನಿಜವಾದ ಕ್ಯಾಕ್ಟಸ್‌ನ ಕಾಂಡದ ಮೇಲೆ ಅಲ್ಲಲ್ಲಿ ತುಪ್ಪಟದಂಥ ಸಣ್ಣ ಮೆತ್ತೆಗಳಿರುತ್ತವೆ. ಮುಳ್ಳು, ಹೂವು, ಕವಲು ಎಲ್ಲವೂ ಈ ಮೆತ್ತೆಯಿಂದಲೇ ಹೊರಡುತ್ತವೆ. ಕೊಳ್ಳುವಾಗ ಈ ಗುರುತನ್ನು ನೋಡಿಕೊಂಡರೆ ಮೋಸಹೋಗುವುದಿಲ್ಲ.

ಒಂದೇ ಒಂದು ಜಾತಿಯನ್ನು ಬಿಟ್ಟರೆ ಎಲ್ಲ ಕ್ಯಾಕ್ಟಸ್‌ಗಳ ತವರು ಅಮೆರಿಕ ಖಂಡಗಳು. ನಮ್ಮ ಹೊಲದ ಬದುಗಳಲ್ಲಿ ಕಾಣುವ ಪಾಪಾಸುಕಳ್ಳಿ ಕೂಡ ಅಲ್ಲಿಂದಲೇ ಬಂದದ್ದು. ಈಚಿನ ವರ್ಷಗಳಲ್ಲಿ ನಮ್ಮ ರೈತರು ಬೆಳೆಯುತ್ತಿರುವ ಡ್ರ್ಯಾಗನ್ ಹಣ್ಣಿನ ಗಿಡವೂ ಕ್ಯಾಕ್ಟಸ್ಸೇ. ಆದರೆ ಇವೆರಡೂ ಬೇಗ ಬೆಳೆಯುವಂಥವು, ತುಂಡು ನೆಟ್ಟರೆ ಚಿಗುರುವಂಥವು. ಈ ಪಾಠದಲ್ಲಿ ಹೇಳುವುದು ನಿಧಾನವಾಗಿ ಬೆಳೆಯುವ, ಬೀಜದಿಂದಲೇ ಬೆಳೆಸಬೇಕಾದ ಗುಂಡು ಮತ್ತು ಕಂಬದಾಕಾರದ ಜಾತಿಗಳ ವಿಷಯ.

ಇಷ್ಟು ನಿಧಾನವೇಕೆ?

ಸಾಮಾನ್ಯ ಗಿಡಗಳು ಹಗಲಿನಲ್ಲಿ ಎಲೆಗಳ ರಂಧ್ರಗಳನ್ನು ತೆರೆದು ಗಾಳಿಯಿಂದ ಇಂಗಾಲದ ಡೈ ಆಕ್ಸೈಡನ್ನು ಹೀರಿಕೊಳ್ಳುತ್ತವೆ. ಆಗ ಅವುಗಳ ನೀರೂ ಆವಿಯಾಗಿ ಹೋಗುತ್ತದೆ. ಬಹುತೇಕ ಕ್ಯಾಕ್ಟಸ್‌ಗಳು ಹಗಲು ರಂಧ್ರಗಳನ್ನು ಮುಚ್ಚಿಕೊಂಡು, ತಂಪಾದ ರಾತ್ರಿಯಲ್ಲಿ ತೆರೆಯುತ್ತವೆ. ರಾತ್ರಿ ಹೀರಿದ ಅನಿಲವನ್ನು ಆಮ್ಲದ ರೂಪದಲ್ಲಿ ಕೂಡಿಟ್ಟು, ಹಗಲು ಬಿಸಿಲು ಬಿದ್ದಾಗ ಅದರಿಂದ ಆಹಾರ ತಯಾರಿಸುತ್ತವೆ. ಇದರಿಂದ ನೀರು ಬಹಳ ಉಳಿಯುತ್ತದೆ. ಆದರೆ ಕೂಡಿಡಬಹುದಾದ ಆಮ್ಲಕ್ಕೆ ಮಿತಿ ಇರುವುದರಿಂದ ಬೆಳವಣಿಗೆಯೂ ಮಿತಿಯಲ್ಲೇ ಇರುತ್ತದೆ. ಮೇಲಾಗಿ ಇವಕ್ಕೆ ಅಗಲವಾದ ಎಲೆಗಳಿಲ್ಲ. ಗುಂಡಾದ ಮೈಯೇ ಎಲೆಯ ಕೆಲಸ ಮಾಡಬೇಕು.

ಅಮೆರಿಕದ ಅರಿಜೋನಾ ರಾಜ್ಯದ ಮರುಭೂಮಿಯಲ್ಲಿ ಬೆಳೆಯುವ ಸಾಗ್ವಾರೊ ಎಂಬ ದೈತ್ಯ ಕ್ಯಾಕ್ಟಸ್ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿನ ರಾಷ್ಟ್ರೀಯ ಉದ್ಯಾನದಲ್ಲಿ ಮಾಡಿದ ಅಧ್ಯಯನದಂತೆ, ಕಾಡಿನಲ್ಲಿ ಹುಟ್ಟಿದ ಸಸಿ ಮೊದಲ ಎಂಟು ವರ್ಷಗಳಲ್ಲಿ ಬೆಳೆಯುವುದು ಒಂದರಿಂದ ಒಂದೂವರೆ ಅಂಗುಲ ಮಾತ್ರ. ಸುಮಾರು 35 ವರ್ಷಕ್ಕೆ ಹೂ ಬಿಡಲು ಆರಂಭಿಸುತ್ತದೆ. ಕವಲೊಡೆಯಲು 50ರಿಂದ 75 ವರ್ಷ ಬೇಕು. ಬದುಕುವುದು ಮಾತ್ರ 150ರಿಂದ 200 ವರ್ಷ.

ಈ ಸಾಗ್ವಾರೊ ನಮಗೆ ಇನ್ನೊಂದು ಪಾಠವನ್ನೂ ಕಲಿಸುತ್ತದೆ. ಅದರ ಸಸಿಗಳು ಬಟ್ಟಬಯಲಿನಲ್ಲಿ ಉಳಿಯುವುದು ಅಪರೂಪ. ನಮ್ಮ ಬಳ್ಳಾರಿ ಜಾಲಿಯ ಸಂಬಂಧಿಯಾದ ಮೆಸ್ಕೀಟ್ ಮುಂತಾದ ಮರಗಳ ಅಡಿಯಲ್ಲಿ ಬಿದ್ದ ಬೀಜಗಳೇ ಹೆಚ್ಚಾಗಿ ಬದುಕುತ್ತವೆ. ಮರದ ನೆರಳು ಮಗುವಾಗಿದ್ದಾಗ ಬಿಸಿಲಿನಿಂದಲೂ ಚಳಿಯಿಂದಲೂ ಕಾಪಾಡುತ್ತದೆ. ಬೆಳೆದ ಕ್ಯಾಕ್ಟಸ್ ಸುಡುಬಿಸಿಲನ್ನು ತಡೆಯುತ್ತದೆಂದು ಅದರ ಎಳೆಯ ಸಸಿಯನ್ನೂ ಬಿಸಿಲಿಗಿಟ್ಟರೆ ಅದು ಸಾಯುತ್ತದೆ. ಬೆಳೆದ ಗಿಡಕ್ಕೆ ನೀರು ಕಡಿಮೆ ಸಾಕೆಂದು ಸಸಿಯನ್ನೂ ಒಣಗಿಸಿದರೆ ಅದೂ ಸಾಯುತ್ತದೆ. ಈ ಎರಡು ಮಾತುಗಳನ್ನು ನೆನಪಿಟ್ಟವರು ಅರ್ಧ ಕೆಲಸ ಕಲಿತಂತೆ.

ಬೀಜದಿಂದಲೇ ಏಕೆ?

ಮೆಕ್ಸಿಕೊ ದೇಶದ ಚಿನ್ನದ ಪೀಪಾಯಿ ಕ್ಯಾಕ್ಟಸ್ ಎಲ್ಲರೂ ಬಯಸುವ ಗಿಡ. ಹೊಂಬಣ್ಣದ ಮುಳ್ಳುಗಳಿಂದ ಕೂಡಿದ ದೊಡ್ಡ ಗುಂಡು. ಜರ್ಮನಿಯ ಹಿಲ್ಡ್‌ಮನ್ ಎಂಬುವರು 1886ರಲ್ಲಿ ಇದಕ್ಕೆ ಎಕೈನೊಕ್ಯಾಕ್ಟಸ್ ಗ್ರುಸೋನಿ ಎಂದು ಹೆಸರಿಟ್ಟರು. 2014ರಲ್ಲಿ ಇದನ್ನು ಕ್ರೋನ್‌ಲೈನಿಯ ಎಂಬ ಬೇರೆ ಕುಲಕ್ಕೆ ಸೇರಿಸಲಾಯಿತು. ಸಸ್ಯಾಗಾರಗಳಲ್ಲಿ ಹಳೆಯ ಹೆಸರೇ ಇನ್ನೂ ಬಳಕೆಯಲ್ಲಿದೆ. ಈ ಗಿಡ ಸಾಮಾನ್ಯವಾಗಿ ಒಂಟಿಯಾಗಿಯೇ ಬೆಳೆಯುತ್ತದೆ. ಬಾಳೆಯಂತೆ ಕಂದು ಕೊಡುವುದು ಅಪರೂಪ. ತುಂಡು ಮಾಡಿ ನೆಡಬೇಕಾದರೆ ತುದಿಯ ಸುಳಿಯನ್ನೇ ಕೆಡಿಸಬೇಕು. ಆದುದರಿಂದ ಬೀಜವೇ ದಾರಿ.

ಎರಡನೆಯ ಕಾರಣ ಇನ್ನೂ ದೊಡ್ಡದು. ಇಂಥ ಗಿಡಗಳನ್ನು ಬೆಳೆಸಲು ವರ್ಷಗಳು ಹಿಡಿಯುತ್ತವೆಂದು ಕಾಡಿನಿಂದಲೇ ಅಗೆದು ಮಾರುವವರು ಹುಟ್ಟಿಕೊಂಡರು. ಚಿನ್ನದ ಪೀಪಾಯಿ ಕ್ಯಾಕ್ಟಸ್ ತವರಿನಲ್ಲಿ ಅಗೆತಕ್ಕೆ ಸಿಕ್ಕಿತು. ಜೊತೆಗೆ 1990ರ ದಶಕದಲ್ಲಿ ಕಟ್ಟಿದ ಸಿಮಪಾನ್ ಅಣೆಕಟ್ಟಿನ ನೀರಿನಲ್ಲಿ ಅದರ ನೆಲೆಯ ಒಂದು ಭಾಗ ಮುಳುಗಿತು. ಲೋಕದ ತೋಟಗಳಲ್ಲೆಲ್ಲ ಕಾಣುವ ಈ ಗಿಡ ತನ್ನ ತವರಿನಲ್ಲೇ ಅಳಿವಿನ ಅಂಚಿಗೆ ಬಂದಿದೆ. ಇಂದು ನಾವು ಮಾರುಕಟ್ಟೆಯಲ್ಲಿ ನೋಡುವ ಸಾಲು ಸಾಲು ಗಿಡಗಳು ಬೀಜದಿಂದ ಬೆಳೆಸಿದವು. ಮನೆಯಲ್ಲಿ ಬೆಳೆಸಿದ ಒಂದೊಂದು ಸಸಿಯೂ ಕಾಡಿನ ಒಂದು ಗಿಡದ ಮೇಲಿನ ಕಣ್ಣನ್ನು ತಪ್ಪಿಸುತ್ತದೆ.

ಅಳಿವಿನ ಅಪಾಯದಲ್ಲಿರುವ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟ್ಸ್ ಎಂಬ ಅಂತಾರಾಷ್ಟ್ರೀಯ ಒಪ್ಪಂದ 1975ರಲ್ಲಿ ಜಾರಿಗೆ ಬಂತು. ಭಾರತ 1976ರಲ್ಲಿ ಅದನ್ನು ಸೇರಿತು. ಬಹುಪಾಲು ಕ್ಯಾಕ್ಟಸ್‌ಗಳು ಆ ಪಟ್ಟಿಯಲ್ಲಿವೆ. ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2022ರಲ್ಲಿ ಮಾಡಿದ ತಿದ್ದುಪಡಿಯಿಂದ ಈ ಒಪ್ಪಂದದ ನಿಯಮಗಳು ನಮ್ಮ ಕಾನೂನಿನಲ್ಲೂ ಸೇರಿವೆ. ಹೊರದೇಶದಿಂದ ಬೀಜ ತರಿಸುವವರು 2003ರ ಸಸ್ಯ ಕ್ವಾರಂಟೈನ್ ಆದೇಶವನ್ನೂ ಪಾಲಿಸಬೇಕು. ಅಂಚೆಯಲ್ಲಿ ಗುಟ್ಟಾಗಿ ತರಿಸುವ ಗೋಜಿಗೆ ಹೋಗದೆ, ನಮ್ಮ ದೇಶದಲ್ಲೇ ಬೆಳೆದ ತಾಯಿಗಿಡಗಳ ಬೀಜವನ್ನು ನಂಬಿಕೆಯ ಸಸ್ಯಾಗಾರದಿಂದ ಪಡೆಯುವುದು ಎಲ್ಲ ರೀತಿಯಿಂದಲೂ ಲೇಸು.

ಜಾತಿಗಳ ಆಯ್ಕೆ

ಹೊಸಬರು ಮೊದಲ ವರ್ಷವೇ ಅತಿ ನಿಧಾನದ ಜಾತಿಗೆ ಕೈಹಾಕಬಾರದು. ಕೆಳಗಿನ ಕ್ರಮ ಅನುಕೂಲವಾದದ್ದು.

1. ಮ್ಯಾಮಿಲೇರಿಯ: ಬೀಜ ಬಹಳ ಸಣ್ಣದು. ಬೇಗ ಬೆಳೆಯುವ ಜಾತಿಗಳು ಮೂರು ನಾಲ್ಕು ವರ್ಷಕ್ಕೆ ಹೂ ಬಿಡುತ್ತವೆ. ಕೈ ಪಳಗಿಸಿಕೊಳ್ಳಲು ಒಳ್ಳೆಯದು.

2. ಜಿಮ್ನೊಕ್ಯಾಲಿಸಿಯಂ: ಇದೂ ಕೆಲವೇ ವರ್ಷಗಳಲ್ಲಿ ಹೂ ಬಿಡುತ್ತದೆ. ಸ್ವಲ್ಪ ನೆರಳನ್ನು ತಡೆಯುವುದರಿಂದ ಜಗಲಿಯಲ್ಲಿ ಬೆಳೆಸಲು ಯೋಗ್ಯ.

3. ಆಸ್ಟ್ರೊಫೈಟಮ್: ಬೀಜ ದೊಡ್ಡದು, ಟೊಪ್ಪಿಗೆಯ ಆಕಾರದ್ದು. ಹೊಸ ಬೀಜ ಬೆಚ್ಚಗಿನ ಕಾಲದಲ್ಲಿ ಮೂರು ನಾಲ್ಕು ದಿನಕ್ಕೇ ಮೊಳೆಯುತ್ತದೆ. ಮೊಳಕೆ ಬೇಗ, ಬೆಳವಣಿಗೆ ನಿಧಾನ.

4. ಚಿನ್ನದ ಪೀಪಾಯಿ ಕ್ಯಾಕ್ಟಸ್: ಒಂದರಿಂದ ಎರಡು ವಾರದಲ್ಲಿ ಮೊಳೆಯುತ್ತದೆ. ಒಂದು ವರ್ಷಕ್ಕೆ ಬಟಾಣಿ ಗಾತ್ರ, ಚೆನ್ನಾಗಿ ನೋಡಿಕೊಂಡರೆ ಐದಾರು ವರ್ಷಕ್ಕೆ ಸುಮಾರು 10 ಸೆಂ.ಮೀ. ಗಾತ್ರ. ಹೂವಿಗೆ ಹದಿನೈದು ಇಪ್ಪತ್ತು ವರ್ಷ. ಆದರೆ ಇದನ್ನು ಕೊಳ್ಳುವವರು ಹೂವಿಗಾಗಿ ಅಲ್ಲ, ಮುಳ್ಳಿನ ಅಂದಕ್ಕಾಗಿ ಕೊಳ್ಳುತ್ತಾರೆ.

5. ಸಾಗ್ವಾರೊ: ಮಾರಾಟಕ್ಕಲ್ಲ, ಮೊಮ್ಮಕ್ಕಳಿಗಾಗಿ ಎಂದು ಬೆಳೆಸುವವರು ಬೆಳೆಸಬಹುದು.

ಬೀಜ ಸಂಗ್ರಹಣೆ

ಹಲವು ಜಾತಿಗಳಲ್ಲಿ ಒಂದು ಗಿಡದ ಹೂವಿಗೆ ಅದೇ ಗಿಡದ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ಬೀಜದಿಂದ ಬೆಳೆಸಿದ ಎರಡು ಬೇರೆ ಬೇರೆ ಗಿಡಗಳು ಒಟ್ಟಿಗೆ ಹೂ ಬಿಟ್ಟಾಗ ಮೆತ್ತನೆಯ ಕುಂಚದಿಂದ ಒಂದರ ಪರಾಗವನ್ನು ಇನ್ನೊಂದರ ಶಲಾಕೆಯ ತುದಿಗೆ ಮುಟ್ಟಿಸಬೇಕು. ಒಂದೇ ಗಿಡದ ಮರಿಗಳನ್ನು ಎರಡು ಕುಂಡದಲ್ಲಿಟ್ಟರೆ ಪ್ರಯೋಜನವಿಲ್ಲ. ಅವೆರಡೂ ಒಂದೇ ಗಿಡವಿದ್ದಂತೆ.

ಹಣ್ಣು ಪೂರ್ತಿ ಮಾಗಿದ ಮೇಲೆ ಬಿಡಿಸಿ, ತಿರುಳಿದ್ದರೆ ಸಣ್ಣ ಕಣ್ಣಿನ ಜಾಲರಿಯಲ್ಲಿ ನೀರಿನಿಂದ ತೊಳೆಯಬೇಕು. ತಿರುಳಿನಲ್ಲಿರುವ ಸಕ್ಕರೆ ಉಳಿದರೆ ಅದರ ಮೇಲೆ ಬೂಷ್ಟು ಬೆಳೆದು ಮೊಳಕೆಯನ್ನು ಕೊಲ್ಲುತ್ತದೆ. ತೊಳೆದ ಬೀಜವನ್ನು ಕಾಗದದ ಮೇಲೆ ಹರಡಿ ನೆರಳಿನಲ್ಲಿ ಒಂದು ವಾರ ಒಣಗಿಸಬೇಕು. ಅನಂತರ ಕಾಗದದ ಪೊಟ್ಟಣದಲ್ಲಿ ಕಟ್ಟಿ, ಜಾತಿಯ ಹೆಸರು ಹಾಗೂ ದಿನಾಂಕ ಬರೆದು, ಬಿಗಿ ಮುಚ್ಚಳದ ಡಬ್ಬಿಯಲ್ಲಿ ತಂಪಾದ ಕಡೆ ಇಡಬೇಕು. ಎಲ್ಲ ಬೀಜಗಳ ಆಯುಸ್ಸು ಒಂದೇ ಅಲ್ಲ. ಆಸ್ಟ್ರೊಫೈಟಮ್ ಬೀಜದ ಮೊಳೆಯುವ ಶಕ್ತಿ ಬೇಗ ಕುಗ್ಗುತ್ತದೆ. ಆದುದರಿಂದ ಹೊಸ ಬೀಜವನ್ನೇ ಬಿತ್ತುವುದು ಒಳ್ಳೆಯದು. ನೀಲಿ, ಗುಲಾಬಿ, ಕಾಮನಬಿಲ್ಲಿನ ಬಣ್ಣದ ಕ್ಯಾಕ್ಟಸ್ ಬೀಜ ಎಂಬ ಜಾಹೀರಾತುಗಳಿಗೆ ಮರುಳಾಗಬಾರದು. ಅಂಥ ಬಣ್ಣಗಳು ಸಾಮಾನ್ಯವಾಗಿ ಗಿಡಕ್ಕೆ ಹಚ್ಚಿದ ಅಥವಾ ಚಿತ್ರಕ್ಕೆ ಬಳಿದ ಬಣ್ಣಗಳು.

ಬಿತ್ತನೆಯ ಕಾಲ

ಮೊಳಕೆಗೆ 25ರಿಂದ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಹಿತಕರ. ಮೈಸೂರು, ಬೆಂಗಳೂರು, ತುಮಕೂರು ಕಡೆಯ ಮೈದಾನದಲ್ಲಿ ಫೆಬ್ರವರಿಯಿಂದ ಮಾರ್ಚ್ ಮಧ್ಯದವರೆಗೆ ಬಿತ್ತುವುದು ಅನುಕೂಲ. ಮಳೆಗಾಲದ ತೇವ ಬರುವಷ್ಟರಲ್ಲಿ ಸಸಿಗೆ ಮೂರು ತಿಂಗಳಾದರೂ ಆಗಿರುತ್ತದೆ. ರಾಯಚೂರು, ಕಲಬುರಗಿ ಕಡೆ ಏಪ್ರಿಲ್–ಮೇ ತಿಂಗಳ ಬೇಗೆ ಎಳೆಯ ಸಸಿಗೆ ಸಹಿಸಲಾಗದು. ಅಲ್ಲಿ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್‌ವರೆಗೆ ಬಿತ್ತಬೇಕು. ಕರಾವಳಿ ಮತ್ತು ಮಲೆನಾಡಿನಲ್ಲಿ ಮಳೆ ಹಿಂದೆಗೆದ ಮೇಲೆ, ಅಕ್ಟೋಬರ್ ಕೊನೆಯಲ್ಲಿ ಬಿತ್ತಿ, ಮುಂದಿನ ಮಳೆಗಾಲದುದ್ದಕ್ಕೂ ಸಸಿಗಳನ್ನು ಸೂರಿನಡಿಯಲ್ಲೇ ಇಡಬೇಕು.

ಮಣ್ಣಿನ ಮಿಶ್ರಣ

ಒಂದು ಪಾಲು ಚೆನ್ನಾಗಿ ಕಳಿತ, ಜರಡಿ ಹಿಡಿದ ಎಲೆಗೊಬ್ಬರ. ಎರಡು ಪಾಲು ದಪ್ಪ ಮರಳು. ಮರಳು ಸಿಗದಿದ್ದರೆ ಇಟ್ಟಿಗೆಯನ್ನು ಕುಟ್ಟಿ, ಪುಡಿಯನ್ನು ಜರಡಿಯಲ್ಲಿ ಬೇರ್ಪಡಿಸಿ, ರವೆಯಂಥ ಕಾಳುಗಳನ್ನು ಮಾತ್ರ ಬಳಸಬಹುದು. ತಯಾರಿಸಿದ ಮರಳನ್ನು ಬಳಸುವುದಾದರೆ ಕಲ್ಲುಧೂಳು ಹೋಗುವಂತೆ ನಾಲ್ಕೈದು ಸಲ ತೊಳೆಯಬೇಕು. ಧೂಳು ಉಳಿದರೆ ಮಿಶ್ರಣ ಸಿಮೆಂಟಿನಂತೆ ಗಟ್ಟಿಯಾಗಿ ಬೇರಿಗೆ ಗಾಳಿ ಸಿಗದು. ಹಸಿ ಸಗಣಿ ಗೊಬ್ಬರವನ್ನಾಗಲಿ, ಎರೆಮಣ್ಣನ್ನಾಗಲಿ ಸೇರಿಸಲೇಬಾರದು.

ಮಿಶ್ರಣದಲ್ಲಿರುವ ಶಿಲೀಂಧ್ರ, ಕಳೆಬೀಜ, ಹುಳುಗಳ ಮೊಟ್ಟೆ ನಾಶವಾಗಲು ಅದನ್ನು ಆವಿಯಲ್ಲಿ ಬೇಯಿಸಬೇಕು. ಇದಕ್ಕೆ ದೊಡ್ಡ ಯಂತ್ರ ಬೇಡ. ಅಡಿಗೆಗೆ ಬಳಸದ ಹಳೆಯ ಇಡ್ಲಿ ಪಾತ್ರೆ ಸಾಕು. ತುಸು ತೇವ ಮಾಡಿದ ಮಿಶ್ರಣವನ್ನು ಬಟ್ಟೆಯಲ್ಲಿ ಕಟ್ಟಿ ಅರ್ಧ ಗಂಟೆ ಆವಿ ಕೊಟ್ಟು, ಮುಚ್ಚಿಟ್ಟು ಆರಿಸಬೇಕು. ಈ ಕೆಲಸವನ್ನು ಬೇಸರವೆಂದು ಬಿಟ್ಟವರ ಸಸಿಗಳೇ ಹೆಚ್ಚಾಗಿ ಕೊಳೆಯುವುದು.

ಬಿತ್ತುವ ವಿಧಾನ

100 ಬೀಜಕ್ಕೆ 15 ಸೆಂ.ಮೀ. ಚೌಕದ, 6 ಸೆಂ.ಮೀ. ಆಳದ ಪೆಟ್ಟಿಗೆ ಸಾಕು. ಮಣ್ಣಿನ ತಟ್ಟೆಯಾದರೂ, ಪ್ಲಾಸ್ಟಿಕ್ ಡಬ್ಬಿಯಾದರೂ ಆದೀತು. ತಳದಲ್ಲಿ ತೂತುಗಳಿರಲೇಬೇಕು. ಪೆಟ್ಟಿಗೆಯನ್ನು ಬಿಸಿನೀರಿನಲ್ಲಿ ತೊಳೆದು, ತಳಕ್ಕೆ ಒಂದು ಸೆಂ.ಮೀ. ಇಟ್ಟಿಗೆ ಚೂರು ಹಾಕಿ, ಮೇಲೆ ಮಿಶ್ರಣ ತುಂಬಿ ಸಮ ಮಾಡಬೇಕು. ಅಂಚಿಗಿಂತ ಒಂದು ಬೆರಳು ಕೆಳಗಿರಲಿ.

ಪೆಟ್ಟಿಗೆಯನ್ನು ಕಾಯಿಸಿ ಆರಿಸಿದ ನೀರಿನ ತಟ್ಟೆಯಲ್ಲಿಟ್ಟು, ಮಣ್ಣಿನ ಮೇಲ್ಮೈ ತೇವವಾಗುವವರೆಗೂ ನೀರನ್ನು ತಳದಿಂದ ಹೀರಲು ಬಿಡಬೇಕು. ಮೇಲಿನಿಂದ ನೀರು ಹಾಕಿದರೆ ಬೀಜಗಳೆಲ್ಲ ಮೂಲೆ ಸೇರುತ್ತವೆ. ನೀರು ಬಸಿದ ಮೇಲೆ ಬೀಜಗಳನ್ನು ಒಂದೂವರೆ ಸೆಂ.ಮೀ. ಅಂತರದಲ್ಲಿ ಮೇಲ್ಮೈಯಲ್ಲೇ ಇಟ್ಟು ಮೆಲ್ಲಗೆ ಅದುಮಬೇಕು. ಮಣ್ಣು ಮುಚ್ಚಬಾರದು. ಬಹುಪಾಲು ಕ್ಯಾಕ್ಟಸ್ ಬೀಜಗಳಿಗೆ ಮೊಳೆಯಲು ಬೆಳಕು ಬೇಕು. ಮೊಳಕೆ ಬೇರೂರಲು ಆಸರೆಯಾಗುವಂತೆ ಬೀಜಗಳ ನಡುವೆ ರವೆಯಂಥ ಮರಳನ್ನು ತೆಳುವಾಗಿ ಉದುರಿಸಬಹುದು.

ಮೇಲೆ ಗಾಜು ಅಥವಾ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಮುಚ್ಚಿ, ನೇರ ಬಿಸಿಲು ಬೀಳದ, ಆದರೆ ಪತ್ರಿಕೆ ಓದಲು ಸಾಕಾಗುವಷ್ಟು ಬೆಳಕಿರುವ ಜಗಲಿಯಲ್ಲಿಡಬೇಕು. ಮುಚ್ಚಿದ ಪೆಟ್ಟಿಗೆಯ ಮೇಲೆ ಮಧ್ಯಾಹ್ನದ ಬಿಸಿಲು ಬಿದ್ದರೆ ಒಳಗಿನ ಸಸಿಗಳು ಬೆಂದೇಹೋಗುತ್ತವೆ. ಪೆಟ್ಟಿಗೆಯ ಪಕ್ಕಕ್ಕೆ ಜಾತಿಯ ಹೆಸರು, ದಿನಾಂಕ, ಬೀಜದ ಸಂಖ್ಯೆ ಬರೆದು ಅಂಟಿಸುವುದನ್ನು ಮರೆಯಬಾರದು.

ಮೊಳಕೆಯ ಪಾಲನೆ

ಮೊಳಕೆ ರಾಗಿ ಕಾಳಿನಂಥ ಒಂದು ಹಸಿರು ಗುಂಡು. ತಲೆಯ ಮೇಲೆ ಎರಡು ಪುಟ್ಟ ಕಿವಿಗಳಂತೆ ಬೀಜದಳಗಳು. ಮೂರು ನಾಲ್ಕು ವಾರಗಳಲ್ಲಿ ಕೂದಲಿನಂಥ ಮೊದಲ ಮುಳ್ಳು ಕಾಣಿಸುತ್ತದೆ. ಸಸಿಯೇ ತನ್ನ ಸ್ಥಿತಿಯನ್ನು ಹೇಳುತ್ತದೆ. ಕೆಂಪೇರಿದರೆ ಬೆಳಕು ಅತಿಯಾಯಿತು, ನೆರಳು ಕೊಡಿ. ಕಡ್ಡಿಯಂತೆ ಉದ್ದವಾಗಿ ಬಾಗಿದರೆ ಬೆಳಕು ಸಾಲದು, ಬೆಳಕಿನತ್ತ ಸರಿಸಿ. ಮಣ್ಣಿನ ಮೇಲೆ ಹಸಿರು ಪಾಚಿ ಕಟ್ಟಿದರೆ ತೇವ ಹೆಚ್ಚಾಯಿತು, ಗಾಳಿ ಆಡಲು ಬಿಡಿ.

ಮೊದಲ ಮುಳ್ಳು ಕಂಡ ಮೇಲೆ ಮುಚ್ಚಳವನ್ನು ದಿನಕ್ಕೆ ಅರ್ಧ ಗಂಟೆ, ಆಮೇಲೆ ಒಂದು ಗಂಟೆ, ಹೀಗೆ ಹೆಚ್ಚಿಸುತ್ತ ಎರಡು ಮೂರು ವಾರಗಳಲ್ಲಿ ಪೂರ್ತಿ ತೆಗೆಯಬೇಕು. ಒಂದೇ ಸಲ ತೆಗೆದರೆ ಸಸಿಗಳು ಸುಕ್ಕುಗಟ್ಟುತ್ತವೆ. ಅನಂತರ ಮೇಲ್ಮಣ್ಣು ಒಣಗಿದ ಬಣ್ಣಕ್ಕೆ ತಿರುಗಿದಾಗಲೆಲ್ಲ ತಳದಿಂದ ನೀರು ಕೊಡಬೇಕು. ಮೊದಲ ವರ್ಷ ಮಣ್ಣು ಬಹಳ ದಿನ ಒಣಗಿರಬಾರದು, ಸದಾ ಒದ್ದೆಯಾಗಿಯೂ ಇರಬಾರದು. ಮಳೆನೀರು ಉತ್ತಮ. ಗಡಸು ಕೊಳವೆಬಾವಿ ನೀರಿನಿಂದ ಮಣ್ಣಿನ ಮೇಲೆ ಬಿಳಿಯ ಉಪ್ಪಿನ ಪದರ ಕಟ್ಟುತ್ತದೆ.

ಸಸಿ ಕೊಳೆರೋಗ

ಟೊಮೆಟೊ, ತಂಬಾಕು, ಮೆಣಸಿನಕಾಯಿ ಸಸಿಮಡಿಗಳಲ್ಲಿ ಕಾಣುವ ಕೊಳೆರೋಗವೇ ಇಲ್ಲಿಯೂ ಮುಖ್ಯ ಶತ್ರು. ಪಿಥಿಯಂ, ರೈಜೊಕ್ಟೋನಿಯ, ಫ್ಯುಸೇರಿಯಂ ಮುಂತಾದ ಶಿಲೀಂಧ್ರಗಳು ಇದಕ್ಕೆ ಕಾರಣ. ಸಸಿ ಮೊದಲು ಗಾಜಿನಂತೆ ನೀರಾಗಿ ಕಾಣುತ್ತದೆ. ಬುಡ ಮೆತ್ತಗಾಗಿ ಒರಗುತ್ತದೆ. ಎರಡು ಮೂರು ದಿನಗಳಲ್ಲಿ ಇಡೀ ಪೆಟ್ಟಿಗೆ ಹೋಗಬಹುದು.

ಬಂದ ಮೇಲೆ ಗುಣಪಡಿಸುವುದಕ್ಕಿಂತ ಬಾರದಂತೆ ನೋಡಿಕೊಳ್ಳುವುದೇ ಸರಿ. ಬೇಯಿಸಿದ ಮಣ್ಣು, ತೊಳೆದ ಬೀಜ, ತಳದಿಂದ ನೀರು, ಸಕಾಲದಲ್ಲಿ ಗಾಳಿ, ಇವೇ ನಾಲ್ಕು ರಕ್ಷಣೆಗಳು. ಒಂದು ಸಸಿ ಕೊಳೆತದ್ದು ಕಂಡೊಡನೆ ಅದನ್ನು ಸುತ್ತಲಿನ ಮಣ್ಣಿನ ಸಹಿತ ಚಮಚದಿಂದ ತೆಗೆದು ದೂರ ಎಸೆಯಬೇಕು. ಮುಚ್ಚಳ ತೆರೆದು, ನೀರು ನಿಲ್ಲಿಸಿ, ಮೇಲ್ಮೈ ಒಣಗಲು ಬಿಡಬೇಕು. ತರಕಾರಿ ಸಸಿಮಡಿಗೆ ಬಳಸುವ ಕಾಪರ್ ಆಕ್ಸಿಕ್ಲೋರೈಡ್ ದ್ರಾವಣವನ್ನು, ಅಂದರೆ ಲೀಟರ್ ನೀರಿಗೆ 3 ಗ್ರಾಂ ಬೆರೆಸಿದ್ದನ್ನು, ಮೊದಲು ಪೆಟ್ಟಿಗೆಯ ಒಂದು ಮೂಲೆಗೆ ಹಾಕಿ, ಎರಡು ದಿನ ನೋಡಿ, ಸಸಿಗೆ ತೊಂದರೆಯಾಗದಿದ್ದರೆ ಉಳಿದ ಭಾಗಕ್ಕೆ ಹಾಕಬಹುದು. ಎಲ್ಲ ಬೀಜವನ್ನೂ ಒಂದೇ ಪೆಟ್ಟಿಗೆಯಲ್ಲಿ ಬಿತ್ತದೆ ಎರಡು ಮೂರರಲ್ಲಿ ಹಂಚಿ ಬಿತ್ತುವುದು ಜಾಣತನ. ಒಂದು ಹೋದರೂ ಮತ್ತೊಂದು ಉಳಿಯುತ್ತದೆ.

ಕಿತ್ತು ನೆಡುವುದು

ಸಸಿಗಳು ಒತ್ತಾಗಿದ್ದಾಗ ಚೆನ್ನಾಗಿಯೇ ಬೆಳೆಯುತ್ತವೆ. ಆತುರಪಡಬಾರದು. ಸಸಿಗಳು ಬಟಾಣಿ ಗಾತ್ರಕ್ಕೆ ಬಂದು ಒಂದನ್ನೊಂದು ಮುಟ್ಟತೊಡಗಿದಾಗ, ಸುಮಾರು ಎಂಟು ತಿಂಗಳಿನಿಂದ ಒಂದು ವರ್ಷಕ್ಕೆ, ಒಣಹವೆಯ ದಿನಗಳಲ್ಲಿ ಕೀಳಬೇಕು. ಮಣ್ಣು ತುಸು ಒಣಗಿರುವಾಗ ಬಿದಿರಿನ ಸೀಳಿನಿಂದ ಬುಡವನ್ನು ಎತ್ತಿ, ಕಡಿದ ಬೇರು ಮಾಯಲು ಎರಡು ಮೂರು ದಿನ ನೆರಳಿನಲ್ಲಿಟ್ಟು, 5 ಸೆಂ.ಮೀ. ಕುಂಡಗಳಲ್ಲಿ ನೆಡಬೇಕು. ನೆಟ್ಟ ಕೂಡಲೇ ನೀರು ಹಾಕಬಾರದು. ಐದಾರು ದಿನ ಬಿಟ್ಟು ಹಾಕಬೇಕು. ಗಾಯಗೊಂಡ ಬೇರಿಗೆ ನೀರು ತಾಗಿದರೆ ಕೊಳೆತ ಅಲ್ಲಿಂದಲೇ ಆರಂಭ.

ಚಿನ್ನದ ಪೀಪಾಯಿಯ ಎಳೆಯ ಗಿಡದಲ್ಲಿ ದೊಡ್ಡ ಗಿಡದಂಥ ಏಣುಗಳಿರುವುದಿಲ್ಲ. ಮೈತುಂಬ ಮೊಲೆತೊಟ್ಟಿನಂಥ ಗುಬ್ಬಿಗಳಿರುತ್ತವೆ. ಬೇರೆ ಜಾತಿಯ ಬೀಜ ಕೊಟ್ಟು ಮೋಸ ಮಾಡಿದರೆಂದು ಗಾಬರಿಯಾಗಬೇಕಿಲ್ಲ. ವರ್ಷಗಳು ಕಳೆದಂತೆ ಗುಬ್ಬಿಗಳು ಒಂದುಗೂಡಿ ಏಣುಗಳಾಗುತ್ತವೆ.

ಎರಡನೆಯ ವರ್ಷದಿಂದ ಬೆಳಗಿನ ಎಳೆಬಿಸಿಲಿಗೆ ಅಭ್ಯಾಸ ಮಾಡಿಸುತ್ತ, ಬಿಸಿಲನ್ನು ಹಂತಹಂತವಾಗಿ ಹೆಚ್ಚಿಸಬೇಕು. ಚಳಿಗಾಲದಲ್ಲಿ ನೀರನ್ನು ಕಡಿಮೆ ಮಾಡಬೇಕು. ಮಳೆಗಾಲದಲ್ಲಿ ಕುಂಡಗಳನ್ನು ಪಾರದರ್ಶಕ ಹಾಳೆಯ ಚಪ್ಪರದ ಕೆಳಗೆ, ನೆಲಕ್ಕೆ ತಾಗದಂತೆ ಹಲಗೆಯ ಮೇಲಿಡಬೇಕು.

ಕೀಟಗಳು

ಹತ್ತಿಯ ಚೂರಿನಂತೆ ಕಾಣುವ ಹಿಟ್ಟು ತಿಗಣೆ ಮುಖ್ಯವಾದದ್ದು. ಕೆಲವೇ ಇದ್ದರೆ ಕಡ್ಡಿಗೆ ಹತ್ತಿ ಸುತ್ತಿ, ಸ್ಪಿರಿಟ್‌ನಲ್ಲಿ ಅದ್ದಿ ಒರೆಸಿ ತೆಗೆಯಬೇಕು. ಗಿಡ ಕಾರಣವಿಲ್ಲದೆ ಬೆಳವಣಿಗೆ ನಿಲ್ಲಿಸಿದರೆ ಕುಂಡದಿಂದ ತೆಗೆದು ಬೇರನ್ನು ನೋಡಬೇಕು. ಬೇರಿನಲ್ಲೂ ಹಿಟ್ಟು ತಿಗಣೆ ಇರುತ್ತದೆ. ಆಗ ಬೇರನ್ನು ತೊಳೆದು, ಒಣಗಿಸಿ, ಹೊಸ ಮಣ್ಣಿನಲ್ಲಿ ನೆಡಬೇಕು. ಬೇಸಿಗೆಯಲ್ಲಿ ಸುಳಿಯ ಸುತ್ತ ಕಂದು ಕಲೆಗಳಾದರೆ ಕೆಂಪು ನುಸಿಯ ಬಾಧೆಯೆಂದು ತಿಳಿಯಬೇಕು. ಬಸವನಹುಳು, ಇಲಿ, ಅಂಗಳದ ಕೋಳಿ, ಇವು ಒಂದೇ ರಾತ್ರಿಯಲ್ಲಿ ಅಥವಾ ಒಂದೇ ಗಳಿಗೆಯಲ್ಲಿ ಒಂದು ವರ್ಷದ ಶ್ರಮವನ್ನು ತಿಂದುಹಾಕುತ್ತವೆ. ಪೆಟ್ಟಿಗೆಗೆ ಸಣ್ಣ ಕಣ್ಣಿನ ತಂತಿಬಲೆ ಹೊದಿಸುವುದು ಕಡ್ಡಾಯ.

ಕಸಿಯಿಂದ ಬೇಗ ಬೆಳೆಸಬಹುದೇ?

ಬೆಳೆಸಬಹುದು. ಡ್ರ್ಯಾಗನ್ ಹಣ್ಣಿನ ಬಳ್ಳಿಯ ತುಂಡನ್ನು ಬೇರೂರಿಸಿ, ಅದರ ತಲೆಯನ್ನು ಹರಿತವಾದ, ಶುಚಿಯಾದ ಅಲಗಿನಿಂದ ಕತ್ತರಿಸಿ, ಸಸಿಯ ಬುಡವನ್ನೂ ಕತ್ತರಿಸಿ, ಎರಡರ ನಡುವಿನ ನಾಳಗಳ ಉಂಗುರ ಒಂದನ್ನೊಂದು ಮುಟ್ಟುವಂತೆ ಕೂರಿಸಿ, ದಾರದಿಂದ ಬಿಗಿದು ನೆರಳಿನಲ್ಲಿಟ್ಟರೆ ಎರಡು ವಾರದೊಳಗೆ ಕೂಡಿಕೊಳ್ಳುತ್ತದೆ. ಬಳ್ಳಿಯ ಬಲದಿಂದ ಸಸಿ ಬೇಗ ಉಬ್ಬುತ್ತದೆ. ಕೊಳೆಯತೊಡಗಿದ ಅಪರೂಪದ ಸಸಿಯನ್ನು ಉಳಿಸಲು ಇದು ಉಪಯುಕ್ತ. ಆದರೆ ಬಳ್ಳಿಗೆ ಚಳಿ ತಾಳುವ ಶಕ್ತಿ ಕಡಿಮೆ, ಆಯುಸ್ಸೂ ಕಡಿಮೆ. ಅಂಗಡಿಗಳಲ್ಲಿ ಕಾಣುವ ಕೆಂಪು, ಹಳದಿ ತಲೆಯ ಕ್ಯಾಕ್ಟಸ್‌ಗಳು ಹೀಗೆ ಕಸಿ ಮಾಡಿದವೇ. ಆ ತಲೆಗಳಲ್ಲಿ ಪತ್ರಹರಿತ್ತಿಲ್ಲ. ಕೆಳಗಿನ ಬಳ್ಳಿ ಸತ್ತರೆ ಅವೂ ಸಾಯುತ್ತವೆ. ಬಹುಕಾಲ ಬಾಳುವ ಗಿಡ ಬೇಕಾದವರು ಸ್ವಂತ ಬೇರಿನ ಮೇಲೆಯೇ ಬೆಳೆಸಬೇಕು.

ಲೆಕ್ಕಾಚಾರ

100 ಬೀಜ ಬಿತ್ತಿದಿರಿ, 70 ಮೊಳೆತವು ಎಂದು ಇಟ್ಟುಕೊಳ್ಳೋಣ. ಮೊದಲ ಮಳೆಗಾಲದಲ್ಲಿ 20, ಕಿತ್ತು ನೆಡುವಾಗ 5, ಎರಡನೆಯ ಮಳೆಗಾಲದಲ್ಲಿ 5 ಹೋದವು. ಉಳಿದದ್ದು 40. ಐದು ವರ್ಷದ ನೀರು, ಕುಂಡ, ಚಪ್ಪರ, ಕೂಲಿಯ ಖರ್ಚನ್ನೆಲ್ಲ ಈ 40 ಗಿಡಗಳ ಮೇಲೆ ಹಂಚಬೇಕೇ ಹೊರತು 100ರ ಮೇಲಲ್ಲ. ಈ ಅಂಕಿಗಳು ಲೆಕ್ಕ ಮಾಡುವ ರೀತಿಯನ್ನು ತೋರಿಸಲು ಮಾತ್ರ. ನಿಮ್ಮ ಅಂಕಿಗಳನ್ನು ನಿಮ್ಮ ಪುಸ್ತಕದಲ್ಲಿ ನೀವೇ ಬರೆದಿಡಬೇಕು. ಮೊದಲ ಪೆಟ್ಟಿಗೆಯ ಲೆಕ್ಕವನ್ನು ನೋಡದೆ ಎರಡನೆಯದನ್ನು ದೊಡ್ಡದು ಮಾಡಬಾರದು.

ಐದು ವರ್ಷ ಆದಾಯವಿಲ್ಲದೆ ಕಾಯುವುದು ಹೇಗೆ? ಇದಕ್ಕೆ ಸರದಿ ಬಿತ್ತನೆಯೇ ಉತ್ತರ. ಪ್ರತಿ ವರ್ಷ ಒಂದೇ ಅಳತೆಯ ಒಂದು ಪೆಟ್ಟಿಗೆ ಬಿತ್ತುತ್ತ ಹೋದರೆ, ಐದನೆಯ ವರ್ಷದ ನಂತರ ಪ್ರತಿ ವರ್ಷವೂ ಒಂದು ತಂಡ ಮಾರಾಟಕ್ಕೆ ಸಿದ್ಧವಾಗುತ್ತದೆ. ಜೊತೆಗೆ ಬೇಗ ಹೂ ಬಿಡುವ ಮ್ಯಾಮಿಲೇರಿಯದಂಥವನ್ನು ಬೆಳೆಸಿದರೆ ನಡುವಿನ ಖರ್ಚು ಹೊರಡುತ್ತದೆ. 10 ಸೆಂ.ಮೀ. ಕುಂಡದ 40 ಗಿಡಗಳಿಗೆ ಒಂದು ಹಳೆಯ ಮಂಚದಷ್ಟು ಜಾಗ ಸಾಕು. ಹೊಲದ ಬೆಳೆ ಬಿಟ್ಟು ಇದಕ್ಕೆ ಇಳಿಯುವುದಾಗಲಿ, ಸಾಲ ಮಾಡಿ ಆರಂಭಿಸುವುದಾಗಲಿ ಸಲ್ಲದು. ಇದು ಮನೆಯಂಗಳದ ಉಪಕಸುಬು. ಮಾರುವ ಸಸ್ಯಾಗಾರವನ್ನು ಮೊದಲು ವಿಚಾರಿಸಿಕೊಂಡೇ ಹೆಜ್ಜೆ ಇಡಬೇಕು.

ಒಂದು ಎಚ್ಚರಿಕೆ

ಹೊರಗಿನಿಂದ ಬಂದ ಗಿಡ ಹೊಲಕ್ಕೆ ಹಬ್ಬಿದರೆ ಏನಾಗುತ್ತದೆಂಬುದಕ್ಕೆ ಪಾಪಾಸುಕಳ್ಳಿಯ ಕಥೆಯೇ ಸಾಕ್ಷಿ. 1795ರಲ್ಲಿ ಕೆಂಪು ಬಣ್ಣ ತೆಗೆಯುವ ಉದ್ದೇಶದಿಂದ ಕಳ್ಳಿಯ ಮೇಲೆ ಬದುಕುವ ಒಂದು ಕೀಟವನ್ನು ಭಾರತಕ್ಕೆ ತಂದರು. ಬಂದದ್ದು ಬಣ್ಣಕ್ಕೆ ಒದಗದ ಬೇರೆ ಜಾತಿ. ಆದರೆ ಅದು ಒಂದು ಬಗೆಯ ಪಾಪಾಸುಕಳ್ಳಿಯನ್ನು ತಿಂದು ನಾಶಮಾಡಿತು. ದಕ್ಷಿಣದಲ್ಲಿ ಜಮೀನುಗಳನ್ನು ಆಕ್ರಮಿಸಿದ್ದ ಇನ್ನೊಂದು ಬಗೆಯ ಹತೋಟಿಗೆ 1926ರಲ್ಲಿ ಶ್ರೀಲಂಕಾದಿಂದ ಮತ್ತೊಂದು ಜಾತಿಯ ಕೀಟವನ್ನು ತರಬೇಕಾಯಿತು. ನಿಧಾನವಾಗಿ ಬೆಳೆಯುವ ಗುಂಡು ಕ್ಯಾಕ್ಟಸ್‌ಗಳು ಹಾಗೆ ಹಬ್ಬುವಂಥವಲ್ಲ. ಆದರೂ ಹೆಸರು ತಿಳಿಯದ ಹಪ್ಪಳದಾಕಾರದ ಕಳ್ಳಿಗಳ ಬೀಜ ಬಿತ್ತುವುದನ್ನೂ, ಬೇಡದ ತುಂಡುಗಳನ್ನು ಬದುವಿಗೆ ಎಸೆಯುವುದನ್ನೂ ಮಾಡಬಾರದು.

ನೆನಪಿಡಬೇಕಾದ ಅಂಶಗಳು

1. ಹೊಸ, ಶುಚಿಯಾದ ಬೀಜವನ್ನು ಆವಿಯಲ್ಲಿ ಬೇಯಿಸಿದ ಮಣ್ಣಿನ ಮೇಲೆ, ಮುಚ್ಚದೆ ಬಿತ್ತಿ.
2. ನೀರು ತಳದಿಂದ, ಬೆಳಕು ಓರೆಯಿಂದ, ಗಾಳಿ ಸ್ವಲ್ಪ ಸ್ವಲ್ಪವಾಗಿ.
3. ಸಸಿಯನ್ನು ದೊಡ್ಡ ಗಿಡದಂತೆ, ದೊಡ್ಡ ಗಿಡವನ್ನು ಸಸಿಯಂತೆ ಸಾಕಬೇಡಿ.
4. ಕಿತ್ತು ನೆಟ್ಟ ಕೂಡಲೇ ನೀರು ಬೇಡ.
5. ವರ್ಷಕ್ಕೊಂದು ಪೆಟ್ಟಿಗೆ, ಪೆಟ್ಟಿಗೆಗೊಂದು ಲೆಕ್ಕ.

ಅಭ್ಯಾಸದ ಪ್ರಶ್ನೆಗಳು

1. ಚದುರಗಳ್ಳಿಯನ್ನೂ ನಿಜವಾದ ಕ್ಯಾಕ್ಟಸ್ಸನ್ನೂ ಗುರುತಿಸುವುದು ಹೇಗೆ?
2. ಸಾಗ್ವಾರೊ ಸಸಿಗಳು ಮರದ ನೆರಳಿನಲ್ಲಿ ಬದುಕುವುದರಿಂದ ನಾವು ಕಲಿಯಬೇಕಾದದ್ದೇನು?
3. ಬೀಜದ ತಿರುಳನ್ನು ಪೂರ್ತಿ ತೊಳೆಯದಿದ್ದರೆ ಏನಾಗುತ್ತದೆ?
4. ನಿಮ್ಮ ಊರಿನ ಹವೆಗೆ ತಕ್ಕಂತೆ ಬಿತ್ತನೆಯ ತಿಂಗಳನ್ನು ಕಾರಣ ಸಹಿತ ಬರೆಯಿರಿ.
5. ಸರದಿ ಬಿತ್ತನೆಯಿಂದ ಆಗುವ ಅನುಕೂಲವೇನು?